ಅಕ್ಯುಪಂಕ್ಚರ್ ಸೂಜಿ ಹಾಕಿಸಿಕೊಳ್ಳುವ ಮುಂಚೆ: ಶಿವಮೊಗ್ಗಕ್ಕೆ ಹೊಸದಾಗಿ ಬಂದವರಿಗೆ

ಮನೆ ಸಿಕ್ಕಿ, ಗ್ಯಾಸ್ ಬಂದು, ಮಕ್ಕಳ ಶಾಲೆ ಗಟ್ಟಿಯಾದ ಮೇಲೆ ನಮ್ಮ ಸಂಘಕ್ಕೆ ಬರುವ ಪ್ರಶ್ನೆ ಒಂದಿದೆ. "ಅಮ್ಮನಿಗೆ ಮಂಡಿ ನೋವು. ಇಲ್ಲಿ ಅಕ್ಯುಪಂಕ್ಚರ್ ಯಾರು ಚೆನ್ನಾಗಿ ಮಾಡ್ತಾರೆ?" ಅಕ್ಯುಪಂಕ್ಚರ್ ಅಂದರೆ ಮೈಮೇಲೆ ಅಲ್ಲಲ್ಲಿ ತೆಳ್ಳಗಿನ ಸೂಜಿ ಚುಚ್ಚಿ ಮಾಡುವ ಚಿಕಿತ್ಸೆ. ನಾವು ಯಾರ ಹೆಸರೂ ಹೇಳುವುದಿಲ್ಲ. ಏನು ವಿಚಾರಿಸಬೇಕು ಅಂತ ಮಾತ್ರ ಹೇಳುತ್ತೇವೆ.

ಅಮೆರಿಕದಿಂದ ವಾಪಸ್ ಬಂದವರು ಮೊದಲು ಲೈಸೆನ್ಸ್ ಕೇಳುತ್ತಾರೆ. ಅಲ್ಲಿ ಲೈಸೆನ್ಸ್ ಇರುವ ಅಕ್ಯುಪಂಕ್ಚರಿಸ್ಟ್ ಮೂರ್ನಾಲ್ಕು ವರ್ಷ ಅದನ್ನೇ ಓದಿರುತ್ತಾರೆ. ಅಲ್ಲಿನ ಡಾಕ್ಟರುಗಳು ಸಾಮಾನ್ಯವಾಗಿ 200–300 ಗಂಟೆಯ ತರಬೇತಿ ಮುಗಿಸಿ ಸೂಜಿ ಹಿಡಿಯುತ್ತಾರೆ. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರ ಇದನ್ನು ಪ್ರತ್ಯೇಕ ಪದ್ಧತಿ ಅಂತ ಒಪ್ಪಿದ್ದು 2019ರಲ್ಲಿ. ಪಶ್ಚಿಮ ಬಂಗಾಳ 1996ರಲ್ಲೇ ಕಾನೂನು ಮಾಡಿತ್ತು, ಆಮೇಲೆ ಮಹಾರಾಷ್ಟ್ರ ಮಾಡಿತು. ಇಲ್ಲಿ ಒಂದೇ ಥರದ ಬೋರ್ಡಿನ ಹಿಂದೆ ಎಂಬಿಬಿಎಸ್ ಮುಗಿಸಿ ಇದನ್ನು ಕಲಿತವರಿರಬಹುದು, ಬಿಎನ್‌ವೈಎಸ್ ಮಾಡಿದ ಪ್ರಕೃತಿ ಚಿಕಿತ್ಸೆಯ ಡಾಕ್ಟರಿರಬಹುದು, ಬರೀ ಡಿಪ್ಲೊಮಾ ಇರುವವರೂ ಇರಬಹುದು. ಬಿಎನ್‌ವೈಎಸ್ ಅಂದರೆ ಐದೂವರೆ ವರ್ಷದ ಓದು, ಅದರಲ್ಲೇ ಅಕ್ಯುಪಂಕ್ಚರ್ ಪಾಠವೂ ಬರುತ್ತದೆ. ಎಲ್ಲಿ ಕಲಿತಿರಿ, ಎಷ್ಟು ದಿನ ಕಲಿತಿರಿ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ.

ನನ್ನ ಮಟ್ಟಿಗೆ, ಸೂಜಿ ಹಾಕುವವರು ಯಾರೇ ಆಗಲಿ, ನೋವು ಯಾಕೆ ಬಂತು ಅಂತ ಮೊದಲು ಡಾಕ್ಟರ್ ನೋಡಲೇಬೇಕು. ಮಲೆನಾಡಿನಲ್ಲಂತೂ ಇದು ಇನ್ನೂ ಜಾಸ್ತಿ ಮುಖ್ಯ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನಲ್ಲಿ ಓಡಾಡಿದವರಿಗೆ ಜ್ವರ, ತಲೆನೋವು, ಮೈಕೈ ನೋವು ಒಟ್ಟಿಗೆ ಬಂದರೆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಇರಬಹುದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲೇ ಅದು ಮೊದಲು ಗೊತ್ತಾಗಿದ್ದು. ಅದರಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗಬಹುದು. ಸುಮ್ನೆ ಮೈಕೈ ನೋವು ಅಂದುಕೊಂಡು ಸೂಜಿಗೆ ಹೋಗಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಸೊಂಟನೋವಿನ ಜೊತೆ ಕಾಲು ಸೋತರೆ, ಮೂತ್ರ ಹಿಡಿತ ತಪ್ಪಿದರೆ 108ಕ್ಕೆ ಫೋನ್ ಮಾಡಿ.

ನನ್ನ ಸೊಂಟಕ್ಕೆ ಅಂತ ಒಮ್ಮೆ ಒಂದು ಕಡೆ ಹೋಗಿದ್ದೆ. ಸ್ಪಿರಿಟ್ ಡಬ್ಬಿಯಿಂದ ಸೂಜಿ ತೆಗೆದರು. ಎದ್ದು ಬಂದೆ. ಒಬ್ಬರಿಗೆ ಹಾಕಿದ ಸೂಜಿಯಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ ಹರಡುತ್ತದೆ, ಸ್ಪಿರಿಟ್‌ನಲ್ಲಿ ಅದ್ದಿದರೆ ಸಾಲದು. ಇನ್ನೊಂದು ಕಡೆ ಪ್ಯಾಕೆಟ್ಟನ್ನು ನನ್ನೆದುರೇ ಹರಿದರು. ಕೂದಲಿನಷ್ಟು ತೆಳ್ಳಗಿನ ಸೂಜಿ. ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು ಬೆರಳಿಂದ ಟಪ್ ಅಂತ ತಟ್ಟಿದರು. ಸೊಳ್ಳೆ ಕಚ್ಚಿದಷ್ಟೇ. ಮುಗಿದ ಮೇಲೆ ಎಣಿಸಿದರು. ಹದಿನಾಲ್ಕು ಹಾಕಿದ್ದು, ಹದಿಮೂರೇ ಇತ್ತು. ನನ್ನನ್ನು ಏಳಲು ಬಿಡದೆ ಹುಡುಕಿದರು, ಪಂಚೆಯ ಮಡಿಕೆಯಲ್ಲಿ ಸಿಕ್ಕಿತು. ಅಂಥವರ ಹತ್ತಿರ ಹೋಗಿ.

ರಕ್ತ ತೆಳ್ಳಗಾಗುವ ಮಾತ್ರೆ, ಪೇಸ್‌ಮೇಕರ್, ಬಸಿರು, ಯಾವುದಿದ್ದರೂ ಮೊದಲೇ ಹೇಳಿ. ಐದಾರು ಸಿಟ್ಟಿಂಗ್ ಆದರೂ ಏನೂ ವ್ಯತ್ಯಾಸ ಕಾಣದಿದ್ದರೆ ಮತ್ತೆ ಡಾಕ್ಟರಿಗೆ ತೋರಿಸಿ. ಬರೀ ಹೊಟ್ಟೆಯಲ್ಲಿ ಹೋದರೆ ಕೆಲವರಿಗೆ ತಲೆ ಸುತ್ತುತ್ತದೆ. ಎರಡು ಕಡುಬಾದರೂ ತಿಂದು ಹೊರಡಿ.