ಟಾನ್ಸಿಲ್ ತೆಗೆಸಿದ ಮೇಲೆ: ದೊಡ್ಡವರು ನೋವನ್ನು ನಿಭಾಯಿಸುವ ಬಗೆ

ಮೊದಲೆರಡು ದಿನ ಪರವಾಗಿಲ್ಲ ಅನ್ನಿಸುತ್ತದೆ. ನಂಬಬೇಡಿ. ಮೂರನೇ ದಿನದಿಂದ ನೋವು ಏರುತ್ತದೆ, ಗಾಯದ ಮೇಲಿನ ಬಿಳಿ ಪೊರೆ ಕಳಚತೊಡಗುವ 5-7ನೇ ದಿನದ ಹೊತ್ತಿಗೆ ಜೋರಾಗುತ್ತದೆ. ಪೂರ್ತಿ ತಗ್ಗಲು ಸುಮಾರು ಎರಡು ವಾರ ಬೇಕು. ಆ ಪೊರೆ ಕೀವಲ್ಲ, ಕೆರೆಯಬೇಡಿ.

ಮಾತ್ರೆಯನ್ನು ನೋವು ನೋಡಿ ಅಲ್ಲ, ಗಡಿಯಾರ ನೋಡಿ ನುಂಗಬೇಕು. ಡಾಕ್ಟರು ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ಆರು ಗಂಟೆಗೊಮ್ಮೆ ಎಂದು ಬರೆದಿದ್ದರೆ ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8, ನಡುರಾತ್ರಿ 2. ಆ ಕೊನೆಯದಕ್ಕೆ ಅಲಾರಂ ಇಡಿ. ಅದನ್ನು ತಪ್ಪಿಸಿದವರಿಗೆ ಬೆಳಿಗ್ಗೆ ಎಂಜಲು ನುಂಗುವುದೂ ಕಷ್ಟ. ಮಾತ್ರೆ ಇಳಿಯದಿದ್ದರೆ ಸಿರಪ್ ಕೇಳಿ: 5 ಮಿ.ಲೀ.ಗೆ 250 ಮಿ.ಗ್ರಾಂ. ಇರುವ ಬಾಟಲಿಯಾದರೆ 13 ಮಿ.ಲೀ. ಅಂದರೆ 650. ಲೇಬಲ್ ಓದದೆ ಅಳೆಯಬೇಡಿ, ಎಲ್ಲ ಸಿರಪ್ ಒಂದೇ ಗಟ್ಟಿ ಇರುವುದಿಲ್ಲ. ನೆಗಡಿ ಮಾತ್ರೆಗಳಲ್ಲೂ, ಟ್ರಮಡಾಲ್ ಬೆರೆತ ಹಲವು ನೋವಿನ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಎಲ್ಲ ಸೇರಿ ದಿನಕ್ಕೆ 4 ಗ್ರಾಂ ದಾಟಬಾರದು. ತೂಕ 50 ಕೆ.ಜಿ.ಗಿಂತ ಕಡಿಮೆಯಿದ್ದರೆ, ಲಿವರ್ ತೊಂದರೆಯಿದ್ದರೆ ಮಿತಿ ಇನ್ನೂ ಕಡಿಮೆ. ಐಬುಪ್ರೊಫೆನ್ ಡಾಕ್ಟರು ಬರೆದರಷ್ಟೇ, ಅದೂ ಗಂಜಿ ಕುಡಿದ ಮೇಲೆ. ನೋವಿಗೆಂದು ಆಸ್ಪಿರಿನ್ ಬೇಡವೇ ಬೇಡ, ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಹೃದಯಕ್ಕೆಂದು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರು ಮಾತ್ರ ತಾವಾಗಿ ನಿಲ್ಲಿಸದೆ ಡಾಕ್ಟರನ್ನು ಕೇಳಿ.

ಪ್ಯಾರಾಸಿಟಮಾಲ್ ನುಂಗಿ ಅರ್ಧ ಗಂಟೆಗೆ ಊಟಕ್ಕೆ ಕೂರಿ. ತಣ್ಣಗಾದ ರಾಗಿ ಗಂಜಿ, ಮಿದ್ದ ಮೊಸರನ್ನ, ಇಡ್ಲಿ ಸಾಗುತ್ತದೆ. ನಿಂಬೆರಸ, ಹುಳಿ ಸಾರು ಉರಿಸುತ್ತವೆ. ಚಕ್ಕುಲಿ, ನಿಪ್ಪಟ್ಟು ಗೀರುತ್ತವೆ. ನೋವೆಂದು ನುಂಗದೆ ಕೂತರೆ ಗಂಟಲು ಒಣಗಿ ನೋವು ಇಮ್ಮಡಿಸುತ್ತದೆ. ಎಚ್ಚರವಿರುವಷ್ಟು ಹೊತ್ತೂ ಗುಟುಕು ಗುಟುಕಾಗಿ ತಣ್ಣೀರು ಕುಡಿಯಿರಿ. ಮೂತ್ರ ಗಾಢ ಹಳದಿಯಾದರೆ ಸಾಲದು ಎಂದೇ ಅರ್ಥ. ರಾತ್ರಿ ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿ.

ಕಿವಿ ನೋಯುತ್ತದೆಯೆಂದು ಎಣ್ಣೆ ಬಿಡಬೇಡಿ. ಗಂಟಲಿಗೂ ಕಿವಿಗೂ ಹೋಗುವ ನರ ಒಂದೇ, ನೋವಿನ ಮೂಲ ಗಂಟಲಲ್ಲಿದೆ.

ಎಂಜಲಲ್ಲಿ ಕೆಂಪು ರಕ್ತ ಕಂಡರೆ, ಅದರಲ್ಲೂ 5-10ನೇ ದಿನಗಳಲ್ಲಿ, ಬೆಳಗಾಗಲೆಂದು ಕಾಯಬೇಡಿ. ಮುಂದಕ್ಕೆ ಬಾಗಿ ಕೂತು, ರಕ್ತ ನುಂಗದೆ ಉಗುಳುತ್ತಾ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ದಾರಿಯಲ್ಲಿ ಏನೂ ತಿನ್ನಬೇಡಿ, ಮತ್ತೆ ಅರಿವಳಿಕೆ ಕೊಡಬೇಕಾಗಬಹುದು.