ಮಂಡಕ್ಕಿ ಸದ್ದಿಗೆ ಹದಿನಾರು ಮನೆ

ಕಂಪ್ಯೂಟರ್ ಮುಂದೆ ಕೂತಾಗ ನನಗೆ ಒಂದು ಟ್ಯೂನೂ ಹೊಳೆಯುವುದಿಲ್ಲ. ರೈಲ್ವೆ ಗೇಟ್ ಬಿದ್ದು, ಬೈಕ್ ಆಫ್ ಮಾಡಿ, ಗೂಡ್ಸ್ ಗಾಡಿಯ ಬೋಗಿ ಎಣಿಸುತ್ತಾ ನಿಂತಾಗ ಹೊಳೆಯುತ್ತದೆ. ಗೇಟ್ ಎದ್ದ ಮೇಲೆ ಹಿಂದಿನವರ ಹಾರ್ನ್ ಶುರು. ಮನೆ ಮುಟ್ಟುವಷ್ಟರಲ್ಲಿ ಟ್ಯೂನ್ ಎಲ್ಲೋ ಉದುರಿ ಹೋಗಿರುತ್ತದೆ. ನಿಮಗೂ ಹೀಗೆ ಆಗಿದೆ ಅಲ್ವಾ?

ಈ ಕಾಟಕ್ಕೆ ನಾನು ಕಂಡುಕೊಂಡ ದಾರಿ, ಬ್ಯಾಗಿನಲ್ಲಿ ಹಿಡಿಸುವ ಒಂದು ಗ್ರೂವ್‌ಬಾಕ್ಸ್. ತಾಳ ಬಾರಿಸುವ ಡ್ರಮ್ ಮಷೀನ್, ಸ್ವರ ನುಡಿಸುವ ಸಿಂಥ್ ಅಥವಾ ಸದ್ದು ಹಿಡಿಯುವ ಸ್ಯಾಂಪ್ಲರ್, ಇವನ್ನೆಲ್ಲ ಸಾಲಾಗಿ ಓಡಿಸುವ ಸೀಕ್ವೆನ್ಸರ್, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. 1996ರಲ್ಲಿ ರೋಲಂಡ್ ಕಂಪನಿ ಎಂಸಿ-303 ತಂದಾಗ ಈ ಹೆಸರು ಚಾಲ್ತಿಗೆ ಬಂತು. ಭಜನೆ ಮನೆಗಳಲ್ಲಿ ಎಲೆಕ್ಟ್ರಾನಿಕ್ ತಾಳದ ಪೆಟ್ಟಿಗೆ ನೋಡಿರುತ್ತೀರಿ. ಅದರ ದೂರದ ಸಂಬಂಧಿ ಅಂದುಕೊಳ್ಳಿ. ಆ ಪೆಟ್ಟಿಗೆ ತನಗೆ ಕಲಿಸಿದ ತಾಳವನ್ನಷ್ಟೇ ಬಾರಿಸುತ್ತದೆ. ಇದರಲ್ಲಿ ತಾಳವನ್ನು ನೀವೇ ಬರೆಯಬೇಕು.

ಇದರಲ್ಲಿ ಪೂರ್ತಿ ಹಾಡು ಮುಗಿಸಲು ಹೋಗಬೇಡಿ. ಮುಗಿಸಬಹುದು, ಮುಗಿಸಿದವರೂ ಇದ್ದಾರೆ. ಆದರೆ ನಾನು ಇದನ್ನು ರಫ್ ನೋಟ್‌ಬುಕ್ ಥರ ಬಳಸುತ್ತೇನೆ. ಒಂದು ಐಡಿಯಾಗೆ ಇಪ್ಪತ್ತು ನಿಮಿಷ, ಅಷ್ಟೇ. ಮುಂದೆ ಹೇಳುವುದೆಲ್ಲ ಆ ಇಪ್ಪತ್ತು ನಿಮಿಷದ ಕೆಲಸ.

ಪೆಟ್ಟಿಗೆ ಆರಿಸುವಾಗ

ನಾಲ್ಕು ವಿಷಯ ನೋಡಿ. ಬ್ಯಾಟರಿಯಲ್ಲಿ ಓಡುತ್ತದಾ? ಎಷ್ಟು ಟ್ರ್ಯಾಕ್ ಇವೆ, ಅಂದರೆ ಒಟ್ಟಿಗೆ ಎಷ್ಟು ಸದ್ದಿನ ಸಾಲು ಓಡಿಸಬಹುದು? ಮೈಕ್ ಒಳಗೇ ಇದೆಯಾ? ಮಾಡಿದ್ದು ತಾನಾಗಿ ಸೇವ್ ಆಗುತ್ತದಾ, ನಾವೇ ಮಾಡಬೇಕಾ?

ಟೀನೇಜ್ ಎಂಜಿನಿಯರಿಂಗ್ ಕಂಪನಿಯ ಪಿಒ-33 ನೋಡಲು ಥೇಟ್ ಕ್ಯಾಲ್ಕುಲೇಟರ್. ಎರಡು ಸಣ್ಣ ಎಎಎ ಸೆಲ್ ಸಾಕು, ಮೈಕ್ ಒಳಗೇ ಇದೆ. ಆದರೆ ಸದ್ದು ತುಂಬಲು ಒಟ್ಟು 40 ಸೆಕೆಂಡ್ ಜಾಗ ಮಾತ್ರ. ಅದೇ ಕಂಪನಿ 2023ರಲ್ಲಿ ತಂದ ಇಪಿ-133ಕ್ಕೆ ನಾಲ್ಕು ಎಎಎ ಸೆಲ್ ಬೇಕು. ಅದರಲ್ಲಿ ಸ್ಪೀಕರೂ ಇದೆ, ಮೈಕೂ ಇದೆ. ರೋಲಂಡ್ ಎಂಸಿ-101ಗೆ ನಾಲ್ಕು ಟ್ರ್ಯಾಕ್, ನಾಲ್ಕು ಎಎ ಸೆಲ್. ನೊವೇಷನ್‌ನ ಸರ್ಕಿಟ್ ಟ್ರ್ಯಾಕ್ಸ್‌ಗೆ ಮೊಬೈಲ್ ಥರ ಒಳಗೇ ಬ್ಯಾಟರಿ, ಚಾರ್ಜ್ ಮಾಡಿದರೆ ಸುಮಾರು ನಾಲ್ಕು ತಾಸು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಕೈಕೊಟ್ಟಾಗ ಈ ಬ್ಯಾಟರಿಯ ಬೆಲೆ ಗೊತ್ತಾಗುತ್ತದೆ.

ಟ್ರ್ಯಾಕ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರಫ್ ಕೆಲಸಕ್ಕೆ ನಾಲ್ಕು ಟ್ರ್ಯಾಕ್ ಧಾರಾಳ. ಹದಿನಾರು ಇದ್ದರೆ ಹದಿನಾರನ್ನೂ ತುಂಬಲು ಕೈ ತುರಿಸುತ್ತದೆ.

ಚಾರ್ಜ್ ಆಗುವ ಸೆಲ್ ಹಾಕುವವರಿಗೆ ಒಂದು ಮಾತು. ಸಾಮಾನ್ಯ ಆಲ್ಕಲೈನ್ ಸೆಲ್ 1.5 ವೋಲ್ಟ್, ಚಾರ್ಜ್ ಆಗುವ ನಿಕಲ್ ಸೆಲ್ 1.2 ವೋಲ್ಟ್. ಕೆಲವು ಪೆಟ್ಟಿಗೆಗಳ ಸೆಟ್ಟಿಂಗ್‌ನಲ್ಲಿ ಯಾವ ಸೆಲ್ ಹಾಕಿದ್ದೀರಿ ಅಂತ ಹೇಳಬೇಕು. ಹೇಳದಿದ್ದರೆ ಬ್ಯಾಟರಿ ಗುರುತು ಸುಳ್ಳು ತೋರಿಸುತ್ತದೆ. ನಾನು ಹೇಳಿರಲಿಲ್ಲ. ಸಂತೇಬೆನ್ನೂರಿನ ಪುಷ್ಕರಿಣಿ ಮೆಟ್ಟಿಲ ಮೇಲೆ ಕೂತು ಮುಕ್ಕಾಲು ಗಂಟೆ ಒಂದು ಲೂಪ್, ಅಂದರೆ ಸುತ್ತಿ ಸುತ್ತಿ ಬರುವ ತುಣುಕು, ಕಟ್ಟಿದ್ದೆ. ಗುರುತಿನಲ್ಲಿ ಅರ್ಧ ಬ್ಯಾಟರಿ ಇತ್ತು. ಪೆಟ್ಟಿಗೆ ಪಟ್ ಅಂತ ಆಫ್ ಆಯಿತು. ಸೇವ್ ಮಾಡಿರಲಿಲ್ಲ. ಅದರ ಬೇಸ್ ಲೈನ್, ಅಂದರೆ ಕೆಳದನಿಯ ಸ್ವರಸಾಲು, ಇವತ್ತಿಗೂ ನೆನಪಾಗುತ್ತಿಲ್ಲ. ಈಗ ಐದು ನಿಮಿಷಕ್ಕೊಮ್ಮೆ ಬೆರಳು ತಾನಾಗಿ ಸೇವ್ ಬಟನ್ ಮೇಲೆ ಹೋಗುತ್ತದೆ.

ಮೊದಲು ವೇಗ

ತಲೆಯಲ್ಲಿರುವ ಟ್ಯೂನ್ ಗುನುಗುತ್ತಾ ಟ್ಯಾಪ್ ಬಟನ್ ಮೇಲೆ ನಾಲ್ಕೈದು ಸಲ ತಟ್ಟಿ. ವೇಗ ಎಷ್ಟು ಅಂತ ಪೆಟ್ಟಿಗೆಯೇ ಲೆಕ್ಕ ಹಾಕುತ್ತದೆ. ಇದನ್ನು ಬಿಪಿಎಂ ಅನ್ನುತ್ತಾರೆ, ಅಂದರೆ ನಿಮಿಷಕ್ಕೆ ಎಷ್ಟು ಪೆಟ್ಟು. ಒಂದೊಂದು ಪೆಟ್ಟನ್ನೂ ನಾಲ್ಕು ಸ್ಟೆಪ್, ಅಂದರೆ ನಾಲ್ಕು ಸಣ್ಣ ಭಾಗ ಮಾಡಿರುತ್ತಾರೆ. 120 ಇದ್ದರೆ ಹದಿನಾರು ಸ್ಟೆಪ್‌ನ ಒಂದು ಸುತ್ತು ಸರಿಯಾಗಿ ಎರಡು ಸೆಕೆಂಡ್. 90 ಇದ್ದರೆ ಎರಡೂಮುಕ್ಕಾಲು ಸೆಕೆಂಡ್‌ಗೆ ಸ್ವಲ್ಪ ಕಡಿಮೆ. ಬಂದ ನಂಬರನ್ನು ಸುಂದರ ಮಾಡಲು ಹೋಗಬೇಡಿ. 93 ಬಂದರೆ 93 ಇರಲಿ.

ಹದಿನಾರು ಮನೆ

ಸ್ಟೆಪ್ ಅಂದರೆ ಚೌಕಾಬಾರದ ಮನೆ ಇದ್ದ ಹಾಗೆ. ಹದಿನಾರು ಮನೆ ಸಾಲಾಗಿ ಇವೆ, ಒಂದು ದೀಪ ಎಡದಿಂದ ಬಲಕ್ಕೆ ಓಡುತ್ತಿರುತ್ತದೆ. ನೀವು ಕಾಯಿ ಇಟ್ಟ ಮನೆಗೆ ದೀಪ ಬಂದಾಗ ಸದ್ದು ಬರುತ್ತದೆ. 1980ರ ಟಿಆರ್-808 ಡ್ರಮ್ ಮಷೀನಿನಲ್ಲೂ ಹೀಗೇ ಹದಿನಾರು ಬಟನ್ ಸಾಲು ಇತ್ತು. ಇವತ್ತಿಗೂ ಅದೇ ನಡೆಯುತ್ತಿದೆ.

ದಪ್ಪ ಸದ್ದಿನ ಕಿಕ್ ಡ್ರಮ್ಮನ್ನು 1, 5, 9, 13ರಲ್ಲಿ ಇಟ್ಟರೆ ಡಿಜೆ ಪಾರ್ಟಿಯ ಡುಂ ಡುಂ ಡುಂ ಡುಂ. ಎಲ್ಲ ಪುಸ್ತಕಗಳೂ ಇಲ್ಲಿಂದಲೇ ಶುರು ಮಾಡುತ್ತವೆ. ನೀವು 1, 7, 11ರಲ್ಲಿ ಇಟ್ಟು ನೋಡಿ. ಚಟ್ ಅನ್ನುವ ಸ್ನೇರ್ ಡ್ರಮ್ 5 ಮತ್ತು 13ರಲ್ಲಿ ಇರಲಿ. ಈಗ ತಾಳಕ್ಕೆ ಸೊಂಟ ಬಂತು.

ಈಗ ಸ್ನೇರ್ ತೆಗೆಯಿರಿ. ಕಿಕ್ ಮುಟ್ಟಬೇಡಿ. ಪ್ಯಾಟರ್ನ್‌ನ ಉದ್ದವನ್ನು ಮಾತ್ರ 16ರಿಂದ 14ಕ್ಕೆ ಇಳಿಸಿ. ಕೇಳಿ. ತಕಿಟ ತಕ ಧಿಮಿ! ಮಿಶ್ರ ಚಾಪು, ಕರ್ನಾಟಕ ಸಂಗೀತದ ಏಳೆಣಿಕೆಯ ತಾಳ. ಮೂರು ಎಣಿಕೆಗೆ ಆರು ಮನೆ, ಆಮೇಲೆ ಎರಡು ಎಣಿಕೆಗೆ ನಾಲ್ಕು, ಮತ್ತೆ ನಾಲ್ಕು, ಒಟ್ಟು ಹದಿನಾಲ್ಕು. ಅಜ್ಜಿಯ ಅಳಗುಳಿಮನೆಯಲ್ಲೂ ಸಾಲಿಗೆ ಏಳರಂತೆ ಹದಿನಾಲ್ಕೇ ಗುಳಿ. ಮೊದಲ ಸಲ ಇದು ಕೈಗೆ ಸಿಕ್ಕ ದಿನ ನಾನು ರಾತ್ರಿ ಊಟಕ್ಕೆ ಏಳಲಿಲ್ಲ.

ಉದ್ದ 10 ಮಾಡಿ 1 ಮತ್ತು 5ರಲ್ಲಿ ಪೆಟ್ಟು ಇಟ್ಟರೆ ಐದೆಣಿಕೆಯ ಖಂಡ ಚಾಪು. ಎಂಟೆಣಿಕೆಯ ಆದಿತಾಳ ಬೇಕಾದರೆ ಹದಿನಾರರ ಎರಡು ಸಾಲು ಜೋಡಿಸಿ 32 ಮಾಡಿಕೊಳ್ಳಿ, ಚಪ್ಪಾಳೆಗಳು 1, 17, 25ರಲ್ಲಿ ಬೀಳುತ್ತವೆ. ಡೊಳ್ಳಿನ ಮೂರರ ಓಟ ಮನಸ್ಸಿನಲ್ಲಿದ್ದರೆ ಉದ್ದ 12 ಇಡಿ.

ಇನ್ನೊಂದು ಆಟ ಇದೆ. ಕೆಲವು ಪೆಟ್ಟಿಗೆಗಳಲ್ಲಿ ಪ್ರತಿ ಟ್ರ್ಯಾಕ್‌ಗೂ ಬೇರೆ ಬೇರೆ ಉದ್ದ ಕೊಡಬಹುದು. ಕಿಕ್‌ಗೆ 16, ಚಿಸ್ ಚಿಸ್ ಅನ್ನುವ ಹೈ-ಹ್ಯಾಟ್‌ಗೆ 12 ಕೊಟ್ಟರೆ ಇಬ್ಬರೂ 48 ಸ್ಟೆಪ್‌ಗೊಮ್ಮೆ ಒಂದನೇ ಮನೆಯಲ್ಲಿ ಕೂಡುತ್ತಾರೆ. 16 ಮತ್ತು 14 ಆದರೆ ಕೂಡಲು 112 ಸ್ಟೆಪ್ ಬೇಕು. ಅಷ್ಟು ಹೊತ್ತು ತಾಳ ಬೇರೆ ಬೇರೆಯಾಗಿಯೇ ಕೇಳುತ್ತದೆ, ನೀವು ಏನೂ ಮಾಡದಿದ್ದರೂ. ಮುಕ್ತಾಯಕ್ಕೆ ಕಾಯುವ ಸುಖ ಗೊತ್ತಿದ್ದವರಿಗೆ ಇದು ತುಂಬ ಹಿಡಿಸುತ್ತದೆ.

ಕೊನೆಗೆ ಸ್ವಿಂಗ್. ಎಲ್ಲ ಪೆಟ್ಟೂ ಅಳತೆಗೆ ಸರಿಯಾಗಿ ಬಿದ್ದರೆ ಹೊಲಿಗೆ ಮಷೀನ್ ಥರ ಕೇಳುತ್ತದೆ. ಸ್ವಿಂಗ್ ಹೆಚ್ಚಿಸಿದರೆ ಸರಿ ಸಂಖ್ಯೆಯ ಸ್ಟೆಪ್‌ಗಳು ಒಂಚೂರು ತಡವಾಗಿ ಬರುತ್ತವೆ. 1988ರ ಅಕಾಯ್ ಎಂಪಿಸಿ60 ಪೆಟ್ಟಿಗೆಯ ಶೇಕಡಾ ಲೆಕ್ಕದಲ್ಲಿ 50 ಅಂದರೆ ನೆಟ್ಟಗೆ, 66 ಅಂದರೆ ಪೂರ್ತಿ ಮೂರರ ನಡೆ. ನನ್ನ ಕಿವಿಗೆ 54ರಿಂದ 58ರ ಒಳಗೆ ಹಿತ. ಎಲ್ಲ ಪೆಟ್ಟಿಗೆಗಳಲ್ಲೂ ಇದೇ ನಂಬರ್ ಇರುವುದಿಲ್ಲ, ಕಿವಿ ನಂಬಿ.

ಊರಿನ ಸದ್ದು

ಪೆಟ್ಟಿಗೆಯೊಳಗಿನ ರೆಡಿಮೇಡ್ ಸದ್ದುಗಳು ಚೆನ್ನಾಗಿರುತ್ತವೆ. ಆದರೆ ಲಂಡನ್ನಿನಲ್ಲಿರುವವನ ಹತ್ತಿರವೂ ಅವೇ ಇರುತ್ತವೆ. ದಾವಣಗೆರೆಯ ಮಂಡಕ್ಕಿ ಭಟ್ಟಿ ಅವನ ಹತ್ತಿರ ಇಲ್ಲ.

ಪಿಒ-33 ಹಿಡಿದು ನಾನು ಒಂದು ಬೆಳಿಗ್ಗೆ ಭಟ್ಟಿಗೆ ಹೋದೆ. ಕಾದ ಮರಳಿಗೆ ಅಕ್ಕಿ ಬಿದ್ದು ಅರಳುವಾಗ ಒಂದು ಸದ್ದು, ಜರಡಿಯಲ್ಲಿ ಮರಳು ಉದುರುವಾಗ ಇನ್ನೊಂದು. ಅಲ್ಲಿದ್ದ ಹಿರಿಯರು ನನ್ನ ಕೈ ನೋಡಿ, "ಏನ್ ತಮ್ಮಾ, ಲೆಕ್ಕ ಹಾಕಾಕ್ ಬಂದೀಯೇನು?" ಅಂದರು. ತೆರಿಗೆ ಕಡೆಯವನು ಅಂದುಕೊಂಡಿದ್ದರೋ ಏನೋ. "ಇಲ್ಲ ಕಾಕಾ, ಸದ್ದು ಹಿಡಿಯೋಕೆ" ಅಂದೆ. ಅವರು ನಕ್ಕು, ಜರಡಿಯನ್ನು ಇನ್ನೂ ಜೋರಾಗಿ ಆಡಿಸಿದರು. ಇದು ಪಾಠವೂ ಹೌದು: ಕೇಳದೆ ಯಾರ ಕೆಲಸವನ್ನೂ ರೆಕಾರ್ಡ್ ಮಾಡಬೇಡಿ. ಕೇಳಿದರೆ ಒಳ್ಳೆಯ ಸದ್ದೇ ಸಿಗುತ್ತದೆ.

ಮೈಕನ್ನು ಸದ್ದಿನಿಂದ ಒಂದು ಗೇಣು ದೂರ ಹಿಡಿಯಿರಿ. ತೀರ ಹತ್ತಿರ ಹಿಡಿದರೆ ಸದ್ದು ಒಡೆಯುತ್ತದೆ, ಒಡೆದ ಸದ್ದನ್ನು ಆಮೇಲೆ ರಿಪೇರಿ ಮಾಡಲು ಆಗುವುದಿಲ್ಲ. ಫ್ಯಾನ್ ಗಾಳಿ, ಹೊರಗಿನ ಗಾಳಿ ಎರಡಕ್ಕೂ ಬೆನ್ನು ಕೊಟ್ಟು ನಿಲ್ಲಿ. ಒಂದೊಂದು ಸದ್ದು ಒಂದೆರಡು ಸೆಕೆಂಡ್ ಸಾಕು.

ಆಮೇಲೆ ಕತ್ತರಿ ಕೆಲಸ. ಇಲ್ಲೇ ಬಹಳ ಜನ ಎಡವುತ್ತಾರೆ. ರೆಕಾರ್ಡ್ ಬಟನ್ ಒತ್ತಿದ್ದಕ್ಕೂ ಸದ್ದು ಶುರುವಾಗಿದ್ದಕ್ಕೂ ನಡುವೆ ಚೂರು ಮೌನ ಇರುತ್ತದೆ. ಅದನ್ನು ಕತ್ತರಿಸದಿದ್ದರೆ ಪ್ರತಿ ಪೆಟ್ಟೂ ಅಷ್ಟೇ ತಡವಾಗಿ ಬೀಳುತ್ತದೆ. 120ರ ವೇಗದಲ್ಲಿ ಒಂದು ಸ್ಟೆಪ್ ಇರುವುದೇ 125 ಮಿಲಿಸೆಕೆಂಡ್. ಅದರಲ್ಲಿ 40 ಮಿಲಿಸೆಕೆಂಡ್ ಮೌನ ಇದ್ದರೆ ತಾಳ ಕುಂಟುತ್ತದೆ. ತಾಳ ತಪ್ಪಿದೆ ಅಂತ ನಿಮ್ಮ ಬೆರಳನ್ನು ಬೈದುಕೊಳ್ಳುವ ಮೊದಲು ಸದ್ದಿನ ಶುರು ನೋಡಿ.

ಜರಡಿಯ ಚರ್ ಚರ್ ಈಗ ನನ್ನ ಹೈ-ಹ್ಯಾಟ್. ಬೆಣ್ಣೆದೋಸೆ ಹೋಟೆಲಿನಲ್ಲಿ ಕಾವಲಿ ಅಂಚಿಗೆ ಮೊಗಚುವ ಕೈ ತಾಗಿದ ಟಣ್ ಅನ್ನುವ ಸದ್ದು ಸ್ನೇರ್ ಜಾಗಕ್ಕೆ ಬಂತು. ಕಿಕ್‌ಗೆ ಮಾತ್ರ ಏನೂ ಸಿಗಲಿಲ್ಲ. ಕೊನೆಗೆ ಗೋದಾಮಿನಲ್ಲಿ ಮಂಡಕ್ಕಿ ಚೀಲ ನೆಲಕ್ಕೆ ಎಸೆದೆವು. ಬರೀ ಪುಸ್ ಅಂದಿತು. ಮಂಡಕ್ಕಿಗೆ ತೂಕವೇ ಇಲ್ಲ ನೋಡಿ! ಅಕ್ಕಿ ಚೀಲ ಎಸೆದಾಗ ಸರಿಹೋಯಿತು. ಅದನ್ನು ಒಂದು ಸಪ್ತಕ ಕೆಳಗೆ ಇಳಿಸಿದೆ. ಹೀಗೆ ಇಳಿಸಿದಾಗ ಸದ್ದು ಅರ್ಧ ವೇಗದಲ್ಲಿ ಓಡುತ್ತದೆ, ಆದ್ದರಿಂದ ಉದ್ದ ಎರಡರಷ್ಟು ಆಗುತ್ತದೆ. ಬಾಲ ಕತ್ತರಿಸಿದರೆ ಎದೆಗೆ ಗುದ್ದುವ ಕಿಕ್.

ಎರಡು ಮೂರು ಸ್ವರ

ಬೇಸ್‌ಗೆ ಮೂರು ಸ್ವರ ಸಾಕು. ಷಡ್ಜವನ್ನು ಕಿಕ್ ಜೊತೆ ಇಡಿ, ಉಳಿದೆರಡನ್ನು ಕಿಕ್ ಇಲ್ಲದ ಮನೆಗಳಲ್ಲಿ ಇಟ್ಟು ನೋಡಿ.

ಸಂಗೀತ ಕಲಿಯದವರಿಗೆ ಇಲ್ಲೊಂದು ಅನುಕೂಲ ಇದೆ. ಬಹಳ ಪೆಟ್ಟಿಗೆಗಳಲ್ಲಿ ಸ್ಕೇಲ್, ಅಂದರೆ ಯಾವ ಸ್ವರಗಳ ಗುಂಪು ಬೇಕು ಅನ್ನುವುದನ್ನು, ಆರಿಸಬಹುದು. ಆರಿಸಿದ ಮೇಲೆ ಆ ಸ್ಕೇಲಿನ ಹೊರಗಿನ ಸ್ವರ ಒತ್ತಿದರೂ ಬರುವುದಿಲ್ಲ. ಹೆಸರುಗಳು ಮಾತ್ರ ಪಾಶ್ಚಾತ್ಯ. ಕಲಿತವರಿಗೆ ಕೀಲಿಕೈ ಹೀಗೆ: ಮೇಜರ್ ಅಂದರೆ ಶಂಕರಾಭರಣದ ಸ್ವರಗಳು, ನ್ಯಾಚುರಲ್ ಮೈನರ್ ಅಂದರೆ ನಟಭೈರವಿ, ಡೋರಿಯನ್ ಅಂದರೆ ಖರಹರಪ್ರಿಯ, ಲಿಡಿಯನ್ ಅಂದರೆ ಕಲ್ಯಾಣಿ, ಫ್ರಿಜಿಯನ್ ಅಂದರೆ ತೋಡಿ, ಮೇಜರ್ ಪೆಂಟಾಟೋನಿಕ್ ಅಂದರೆ ಮೋಹನ.

ಸ್ವರಗಳು ಅಂದೆ, ರಾಗ ಅನ್ನಲಿಲ್ಲ. ಪ್ಯಾಡ್ ಒತ್ತಿದರೆ ಗಮಕ, ಅಂದರೆ ಸ್ವರದ ಓಲಾಟ, ಬರುವುದಿಲ್ಲ. ಈ ವಿಷಯಕ್ಕೆ ನಮ್ಮ ಬೀದಿಯ ಸಂಗೀತ ಮೇಷ್ಟ್ರು ನನ್ನನ್ನು ಇನ್ನೂ ಕ್ಷಮಿಸಿಲ್ಲ, ಅವರ ತೋಡಿ ಕೇಳಿದವರು ಯಾರೂ ನನ್ನನ್ನು ಕ್ಷಮಿಸಲಾರರು. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಸೌಲಭ್ಯ ಇದೆ. ಗ್ಲೈಡ್ ಅಥವಾ ಸ್ಲೈಡ್ ಅಂತ ಬರೆದಿರುತ್ತದೆ. ಮುಂಬೈನ ಸಂಗೀತಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಟಿಆರ್-808, ಟಿಬಿ-303, ಜುಪಿಟರ್-8 ಮಷೀನುಗಳನ್ನು ಇಟ್ಟುಕೊಂಡು ಹತ್ತು ರಾಗ ನುಡಿಸಿ ಒಂದು ರೆಕಾರ್ಡ್ ಮಾಡಿದ್ದರು. ಟಿಬಿ-303 ಹೆಸರಾಗಿದ್ದರಲ್ಲಿ ಈ ಜಾರಿಕೆಯ ಪಾಲೂ ಇದೆ. ಒಂದೆರಡು ಸ್ಟೆಪ್‌ಗೆ ಮಾತ್ರ ಹಾಕಿ ನೋಡಿ. ಎಲ್ಲದಕ್ಕೂ ಹಾಕಿದರೆ ಕುಡಿದವರ ನಡಿಗೆ ಆಗುತ್ತದೆ.

ತೆಗೆಯುವ ಆಟ

ಈಗ ಒಂದು ಲೂಪ್ ಇದೆ. ಹತ್ತು ಸಲ ಕೇಳಿದರೆ ಬೇಜಾರು. ಇಲ್ಲಿ ಹೊಸಬರೆಲ್ಲ ಐದನೇ ಸದ್ದು, ಆರನೇ ಸದ್ದು ಸೇರಿಸುತ್ತಾ ಹೋಗುತ್ತಾರೆ. ನೀವು ತೆಗೆಯಿರಿ. ಮ್ಯೂಟ್ ಬಟನ್ ಒತ್ತಿ ಕಿಕ್ ನಿಲ್ಲಿಸಿ, ನಾಲ್ಕು ಸುತ್ತು ಬಿಟ್ಟು ವಾಪಸ್ ತನ್ನಿ. ಬೇಸ್ ಒಂದನ್ನೇ ಬಿಡಿ. ಫಿಲ್ಟರ್ ಗುಂಡಿಯನ್ನು ನಿಧಾನ ತಿರುಗಿಸಿ, ಪಕ್ಕದ ಓಣಿಯಲ್ಲಿ ಹಾಡು ಬರುತ್ತಿದೆ ಅನ್ನಿಸುವಷ್ಟು ಮಂಕು ಮಾಡಿ, ಆಮೇಲೆ ಬಿಚ್ಚಿ.

ಪೆಟ್ಟು ಬೀಳುವ ಸಾಧ್ಯತೆ ಶೇಕಡಾ ಎಷ್ಟು ಅಂತ ಹೇಳುವ ಪ್ರಾಬಬಿಲಿಟಿ ಸೌಲಭ್ಯ ಇದ್ದರೆ ಒಂದೆರಡು ಹೈ-ಹ್ಯಾಟ್‌ಗೆ 50 ಕೊಡಿ. ಆ ಪೆಟ್ಟು ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ, ಹೆಚ್ಚುಕಡಿಮೆ ಎರಡಕ್ಕೊಂದು.

ಹೀಗೆ ಮೂರು ನಿಮಿಷ ಆಡಿಸುವುದನ್ನು ರೆಕಾರ್ಡ್ ಮಾಡಿಕೊಳ್ಳಿ. ಪೆಟ್ಟಿಗೆಯ ಹೆಡ್‌ಫೋನ್ ತೂತಿನಿಂದ ಫೋನಿಗೆ ಮಾಮೂಲಿ ಆಡಿಯೋ ವೈರ್ ಚುಚ್ಚಿದರೆ ಏನೂ ರೆಕಾರ್ಡ್ ಆಗುವುದಿಲ್ಲ. ಆ ಪಿನ್‌ಗೆ ಮೂರೇ ಭಾಗ, ಫೋನಿನ ಮೈಕ್‌ಗೆ ನಾಲ್ಕು ಭಾಗದ ಪಿನ್ ಬೇಕು. ಯುಎಸ್‌ಬಿಯಲ್ಲೇ ಆಡಿಯೋ ಕೊಡುವ ಪೆಟ್ಟಿಗೆಯಾದರೆ ಈ ತಲೆಬಿಸಿ ಇಲ್ಲ. ಎರಡೂ ಇಲ್ಲ ಅಂದರೆ ಪೆಟ್ಟಿಗೆಯ ಸ್ಪೀಕರ್ ಎದುರು ಫೋನ್ ಇಟ್ಟು ರೆಕಾರ್ಡ್ ಮಾಡಿ. ರಫ್ ಕೆಲಸಕ್ಕೆ ಅದೂ ನಡೆಯುತ್ತದೆ.

ಇಪ್ಪತ್ತು ನಿಮಿಷ ಆಯಿತಾ? ನಿಲ್ಲಿಸಿ. ಸೇವ್ ಮಾಡಿ, ಹೆಸರು ಕೊಡಿ. ಪೆಟ್ಟಿಗೆ ತಾನೇ ಕೊಡುವ "ಪ್ರಾಜೆಕ್ಟ್ 17" ಥರದ ಹೆಸರು ತಿಂಗಳಾದ ಮೇಲೆ ಏನೂ ಹೇಳುವುದಿಲ್ಲ. ನಾನು ಜಾಗ, ವೇಗ, ತಾಳ ಮೂರನ್ನೂ ಬರೆಯುತ್ತೇನೆ. ಪೆಟ್ಟಿಗೆಯಲ್ಲಿ ಹೆಸರು ಬರೆಯಲು ಜಾಗ ಇಲ್ಲದಿದ್ದರೆ ಫೋನಿನ ನೋಟ್ಸ್‌ನಲ್ಲಿ. ತಿಂಗಳಿಗೊಮ್ಮೆ ಕೂತು ಎಲ್ಲವನ್ನೂ ಕೇಳುತ್ತೇನೆ. ಹತ್ತರಲ್ಲಿ ಒಂದೋ ಎರಡೋ ಕಂಪ್ಯೂಟರಿಗೆ ಹೋಗುತ್ತವೆ. ಹೋಗುವಾಗ ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆಯಾಗಿ ಕಳಿಸುತ್ತೇನೆ, ಇಲ್ಲದಿದ್ದರೆ ಆಮೇಲೆ ಕಿಕ್ ಒಂದನ್ನೇ ಕಡಿಮೆ ಮಾಡಲು ಬರುವುದಿಲ್ಲ. ಉಳಿದವನ್ನು ಅಳಿಸಿ ಜಾಗ ಮಾಡುತ್ತೇನೆ.

ಈ ತಿಂಗಳ ಪಟ್ಟಿಯಲ್ಲಿ ಏಳು ಇವೆ. "ರೈಲ್ವೆ ಗೇಟ್, 104, ಆದಿ" ಅಳಿಸಬೇಕು. "ಕುಂದವಾಡ ಕೆರೆ ಏರಿ, 76, ಖಂಡ" ಇನ್ನೊಮ್ಮೆ ಕೇಳಬೇಕು. "ಭಟ್ಟಿ, 93, ಮಿಶ್ರ" ಕಂಪ್ಯೂಟರಿಗೆ ಹೋಗಿದೆ. ಅದರ ಕೊನೆಯಲ್ಲಿ "ಸಾಕೇನು ತಮ್ಮಾ?" ಅನ್ನುವ ಕಾಕಾ ಅವರ ದನಿ ಇದೆ. ಅದನ್ನು ಕತ್ತರಿಸಿಲ್ಲ.