ಐ7 ಸ್ಟಿಕ್ಕರ್ ನೋಡಿ ಹಳೇ ಲ್ಯಾಪ್‌ಟಾಪ್ ಕೊಳ್ಳಬೇಡಿ

ಕಾಲೇಜು ಶುರುವಾಗುವ ಹೊತ್ತಿಗೆ ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹುಡುಕುವವರು ಜಾಸ್ತಿ. ಮಲೆನಾಡು ಎಂಜಿನಿಯರಿಂಗ್ ಕಾಲೇಜಿಗೋ ಡೇರಿ ಸರ್ಕಲ್ ಹತ್ತಿರದ ಸರ್ಕಾರಿ ಕಾಲೇಜಿಗೋ ಸೇರಿದ ಮಕ್ಕಳಿಗೆ ಹೊಸದನ್ನೇ ಕೊಡಿಸಲು ಎಲ್ಲರಿಗೂ ಆಗುವುದಿಲ್ಲ. ಇಲ್ಲೇ ಕೊಂಡರೂ ಸರಿ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೂ ಸರಿ, ಒಂದು ಮಾತು ಕೇಳಿಯೇ ಕೇಳುತ್ತೀರಿ: "ಸಾರ್, ಇದು ಐ7, ಅದು ಬರೀ ಐ5." ಈ ಮಾತಿಗೆ ಎರಡು ಮೂರು ಸಾವಿರ ಜಾಸ್ತಿ ಕೊಡುವ ಮುಂಚೆ ಪ್ರೊಸೆಸರ್ ಹೋಲಿಸುವುದನ್ನು ಕಲಿತುಕೊಳ್ಳಿ. ಪ್ರೊಸೆಸರ್ ಅಂದರೆ ಲ್ಯಾಪ್‌ಟಾಪಿನ ಕೆಲಸವನ್ನೆಲ್ಲ ನಡೆಸುವ ಮುಖ್ಯ ಚಿಪ್; ಐ5, ಐ7 ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ ಹೆಸರು. ರ್‍ಯಾಮ್ ಕಮ್ಮಿ ಇದ್ದರೆ ಬಹಳಷ್ಟು ಮಾಡೆಲ್‌ಗಳಲ್ಲಿ ಆಮೇಲೆ ಹಾಕಿಸಬಹುದು, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಬಹುದು. ಪ್ರೊಸೆಸರ್ ಹಾಗಲ್ಲ. ಈ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವುಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಂಡದ್ದು ಕೊಂಡ ಹಾಗೆಯೇ ಇರುತ್ತದೆ.

ಮೊದಲು ಪೂರ್ತಿ ನಂಬರ್ ನೋಡಿ

ಸ್ಟಿಕ್ಕರ್ ನಂಬಬೇಡಿ. ಲ್ಯಾಪ್‌ಟಾಪ್ ಆನ್ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು (ಅಂದರೆ ಪ್ರೊಸೆಸರ್) ಒತ್ತಿದರೆ ಬಲಗಡೆ ಮೇಲೆ ಪೂರ್ತಿ ಹೆಸರು, ಕೆಳಗೆ ಕೋರ್‌ಗಳ (ಚಿಪ್‌ನೊಳಗೆ ಕೆಲಸ ಮಾಡುವ ಘಟಕಗಳ) ಲೆಕ್ಕ ಮತ್ತು ಬೇಸ್ ಸ್ಪೀಡ್ (ಮಾಮೂಲಿ ವೇಗ) ಕಾಣುತ್ತವೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ನಂಬರ್ ಓದುವ ಬಗೆ

ಐ5-8250ಯು ಅಂತಿದ್ದರೆ ಗೆರೆಯ ನಂತರದ 8 ಎಂಬುದು ಜನರೇಷನ್, ಅಂದರೆ ಎಷ್ಟನೇ ಪೀಳಿಗೆಯ ಚಿಪ್ ಅನ್ನುವುದು. ಐ5-10210ಯು ಅಂದರೆ ಹತ್ತನೆಯದು. ಐ5-1135ಜಿ7 ನೋಡಿ ಎಷ್ಟೋ ಜನ ಮೊದಲನೇ ಜನರೇಷನ್ ಅಂದುಕೊಳ್ಳುತ್ತಾರೆ. ಅದು ಹನ್ನೊಂದನೆಯದು, 2020ರ ಚಿಪ್. ಮೊದಲನೇ ಜನರೇಷನ್ನಿನಲ್ಲಿ ಐ5-520ಎಂ ಥರ ಮೂರೇ ಅಂಕಿ ಇರುತ್ತಿದ್ದವು.

ಕೊನೆಯ ಅಕ್ಷರವೂ ಮುಖ್ಯ. ಯು ಅಂದರೆ ಸಾಮಾನ್ಯವಾಗಿ 15 ವ್ಯಾಟ್‌ನ ಚಿಪ್, ಬ್ಯಾಟರಿ ಉಳಿಸುತ್ತದೆ. ಎಚ್ ಅಥವಾ ಎಚ್‌ಕ್ಯೂ ಇದ್ದರೆ 45 ವ್ಯಾಟ್. ಕೆಲಸಕ್ಕೆ ಗಟ್ಟಿ, ಆದರೆ ಬಿಸಿ ಜಾಸ್ತಿ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ಸಕಲೇಶಪುರದ ಕಡೆಯ ಹಳ್ಳಿಗಳಲ್ಲಿ ಓದುವ ಮಕ್ಕಳಿಗೆ ನಾನಂತೂ ಯು ಅಕ್ಷರದ್ದನ್ನೇ ಹೇಳುತ್ತೇನೆ.

ಇನ್ನೊಂದು ಕಂಪನಿಯಾದ ಎಎಂಡಿಯ ರೈಜನ್ ಪ್ರೊಸೆಸರ್‌ಗಳಲ್ಲಿ ಸ್ವಲ್ಪ ಗೊಂದಲವಿದೆ. ರೈಜನ್ 5 5500ಯು ಮತ್ತು 5600ಯು ಅಣ್ಣ ತಮ್ಮಂದಿರ ಹಾಗೆ ಕಂಡರೂ ಮೊದಲನೆಯದರ ಒಳಗಿರುವುದು ಝೆನ್ 2 ಎಂಬ ವಿನ್ಯಾಸ, ಎರಡನೆಯದರಲ್ಲಿ ಅದಕ್ಕಿಂತ ಹೊಸ ಝೆನ್ 3. ಹಾಗಾಗಿ ಎಎಂಡಿ ಆದರೆ ಪೂರ್ತಿ ನಂಬರ್ ಗೂಗಲ್‌ನಲ್ಲಿ ಹಾಕಿ ನೋಡಲೇಬೇಕು.

7ನೇ ಜನರೇಷನ್ನಿಗೂ 8ನೆಯದಕ್ಕೂ ಇರುವ ಅಂತರ

ಇಡೀ ಹೋಲಿಕೆಯಲ್ಲಿ ಜಾಸ್ತಿ ಹೊತ್ತು ಯೋಚಿಸಬೇಕಾದ ಜಾಗ ಇದು. ಐ7-7500ಯು 2016ರದ್ದು. ಎರಡು ಕೋರ್, ನಾಲ್ಕು ಥ್ರೆಡ್ (ಕೋರ್‌ಗಳು ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು). ಮರುವರ್ಷ ಬಂದ ಐ5-8250ಯು ನಾಲ್ಕು ಕೋರ್, ಎಂಟು ಥ್ರೆಡ್‌ನದು. ಎರಡೂ 15 ವ್ಯಾಟ್‌ನವೇ. ಬೇಸ್ ಸ್ಪೀಡ್ ಮಾತ್ರ ನೋಡಿದರೆ ಐ7ನದು 2.7 ಗಿಗಾಹರ್ಟ್ಸ್, ಐ5ನದು 1.6. ಅಂಗಡಿಯಲ್ಲಿ ಇದನ್ನೇ ತೋರಿಸಿ "ನೋಡಿ ಸಾರ್, ಎಷ್ಟು ವ್ಯತ್ಯಾಸ" ಅಂದರೆ ಯಾರಾದರೂ ಒಪ್ಪಿಬಿಡುತ್ತಾರೆ. ಆದರೆ ಆ ಐ5 ಬೇಕಾದಾಗ 3.4ರವರೆಗೆ ಏರುತ್ತದೆ. ಐ7ನ ಮಿತಿ 3.5. ಒಂಟಿ ಕೋರ್‌ನ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ, ಕೋರ್ ಮಾತ್ರ ದುಪ್ಪಟ್ಟು. ಕ್ರೋಮ್‌ನಲ್ಲಿ ಹತ್ತು ಟ್ಯಾಬ್, ಪಕ್ಕದಲ್ಲಿ ಆನ್‌ಲೈನ್ ಕ್ಲಾಸ್, ಹಿಂದೆ ಆಂಟಿವೈರಸ್ ಓಡುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿ, ಬೆರಳೆಣಿಕೆಯ ಚಿಪ್‌ಗಳನ್ನು ಬಿಟ್ಟರೆ, ಇಂಟೆಲ್‌ನ 8ನೇ ಜನರೇಷನ್ನಿನಿಂದಲೇ ಶುರು. "6ನೇ ಜನರೇಷನ್ನಿಗೂ ಹಾಕಿಕೊಡ್ತೀವಿ" ಅನ್ನುವವರಿದ್ದಾರೆ. ಹಾಕಲು ಬರುತ್ತದೆ ನಿಜ. ಆದರೆ ಮುಂದೆ ಅಪ್‌ಡೇಟ್ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬಜೆಟ್ ಅಷ್ಟಕ್ಕೇ ನಿಂತರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಳ್ಳಿ. ಸಿ, ಜಾವಾ, ಪೈಥಾನ್ ಕಲಿಯಲು ಅದು ಧಾರಾಳವಾಗಿ ಸಾಕು.

ಅಂಕ ನೋಡುವಾಗ

ಪ್ರೊಸೆಸರ್‌ಗಳ ವೇಗಕ್ಕೆ ಅಂಕ ಕೊಡುವ ಪಾಸ್‌ಮಾರ್ಕ್ ವೆಬ್‌ಸೈಟಿನಲ್ಲಿ ಎರಡು ಪ್ರೊಸೆಸರ್ ಅಕ್ಕಪಕ್ಕ ಇಟ್ಟು ನೋಡಬಹುದು. ಅಲ್ಲಿ ಒಟ್ಟು ಅಂಕ ಬೇರೆ, ಸಿಂಗಲ್ ಥ್ರೆಡ್ ಅಂಕ (ಒಂದೇ ಕೋರ್‌ನ ವೇಗ) ಬೇರೆ. ಸಿವಿಲ್, ಮೆಕ್ಯಾನಿಕಲ್ ಓದುವವರು ಎರಡನೆಯದನ್ನು ಗಮನಿಸಿ. ಆಟೋಕ್ಯಾಡ್ ಬಹುಪಾಲು ಕೆಲಸವನ್ನು ಒಂದೇ ಕೋರ್‌ನಲ್ಲಿ ಮಾಡುತ್ತದೆ. ಮೊಬೈಲ್ ಆ್ಯಪ್ ಮಾಡಲು ಆಂಡ್ರಾಯ್ಡ್ ಸ್ಟುಡಿಯೊ ಬಳಸುವವರಿಗೆ ಒಟ್ಟು ಅಂಕ ಮುಖ್ಯ, ಜೊತೆಗೆ ರ್‍ಯಾಮ್ ಕೂಡ.

ಅಂಗಡಿಯಲ್ಲೇ ಓಡಿಸಿ ನೋಡಿ

ಒಂದೇ ಚಿಪ್ ಇರುವ ಎರಡು ಹಳೇ ಲ್ಯಾಪ್‌ಟಾಪುಗಳೂ ಒಂದೇ ಥರ ಓಡುವುದಿಲ್ಲ. ಫ್ಯಾನಿನಲ್ಲಿ ಧೂಳು ಕಟ್ಟಿರುತ್ತದೆ, ಚಿಪ್‌ನ ಬಿಸಿ ಹೊರಹೋಗಲು ಅದರ ಮೇಲೆ ಹಚ್ಚಿದ ಪೇಸ್ಟ್ ಒಣಗಿರುತ್ತದೆ. ಬಿಸಿ ಏರಿದ ಕೂಡಲೇ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇದನ್ನು ಹಿಡಿಯಲು ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಅಳೆಯುವ ಸಿನಿಬೆಂಚ್ ಆರ್23 ಎಂಬ ಸಾಫ್ಟ್‌ವೇರನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಉಚಿತವಾಗಿ ಸಿಗುತ್ತದೆ. ಹತ್ತು ನಿಮಿಷ ಓಡಲು ಬಿಡಿ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಸ್ಪೀಡ್ ನೋಡುತ್ತಿರಿ. ಮೊದಲ ಅರ್ಧ ನಿಮಿಷ ಜೋರಾಗಿದ್ದು ಆಮೇಲೆ ಇಳಿದರೆ ಗಾಬರಿ ಬೇಡ, 15 ವ್ಯಾಟ್‌ನ ಚಿಪ್‌ನಲ್ಲಿ ಅದು ಸಹಜ. ಆದರೆ 8250ಯು 1.6ಕ್ಕಿಂತಲೂ ಕೆಳಗೆ ಹೋಗಿ ಅಲ್ಲೇ ಕೂತರೆ ಏನೋ ಸರಿ ಇಲ್ಲ. ಕ್ಲೀನ್ ಮಾಡಿಸಿ, ಪೇಸ್ಟ್ ಹಾಕಿಸಿಕೊಡಲು ಹೇಳಿ, ಮತ್ತೊಮ್ಮೆ ಓಡಿಸಿ.

ಚಾರ್ಜರ್ ಕೂಡ ನೋಡಿ. ಕೆಲವು ಲ್ಯಾಪ್‌ಟಾಪುಗಳು ತಮ್ಮ ಚಾರ್ಜರ್ ಗುರುತು ಸಿಗದಿದ್ದರೆ ವೇಗವನ್ನು ಒಂದು ಗಿಗಾಹರ್ಟ್ಸ್‌ಗಿಂತ ಕೆಳಗೆ ಕಟ್ಟಿಹಾಕುತ್ತವೆ. ಡೂಪ್ಲಿಕೇಟ್ ಚಾರ್ಜರ್ ಹಾಕಿದ್ದಕ್ಕೆ ಒಳ್ಳೇ ಪ್ರೊಸೆಸರ್‌ ಕೂಡ ಕುಂಟುತ್ತದೆ. ಚಾರ್ಜರ್ ತೆಗೆದು ಬರೀ ಬ್ಯಾಟರಿಯಲ್ಲಿ ಒಂದು ಸಲ, ಚಾರ್ಜರ್ ಹಾಕಿ ಒಂದು ಸಲ ನೋಡಿದರೆ ತಿಳಿಯುತ್ತದೆ.

ಎಲ್ಲ ಸರಿ ಅನ್ನಿಸಿದ ಮೇಲೆ ಬಿಲ್ ಬರೆಸುವಾಗ "ಐ5 ಲ್ಯಾಪ್‌ಟಾಪ್" ಎಂದಷ್ಟೇ ಬರೆದರೆ ಒಪ್ಪಬೇಡಿ. ಪ್ರೊಸೆಸರ್‌ನ ಪೂರ್ತಿ ನಂಬರ್, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್, ವಾರಂಟಿ ಎಷ್ಟು ತಿಂಗಳು ಅನ್ನುವುದು, ಮೂರೂ ಬಿಲ್‌ನಲ್ಲಿ ಇರಲಿ.